ವಾಯುಪಡೆಯ ನೆಲೆಯಲ್ಲಿ ಸಣ್ಣ ವಿಮಾನ ಇಳಿಸಿದ ನನ್ನ ಅನುಭವ

ಅಮೆರಿಕದ ವಾಯುಪಡೆಯ ನೆಲೆಯೊಂದರಲ್ಲಿ ನಮ್ಮ ನಾಲ್ಕು ಸೀಟಿನ ಸೆಸ್ನಾ 172 ವಿಮಾನವನ್ನು ಇಳಿಸಲು ನನಗೆ ಏಳು ವಾರ ಹಿಡಿಯಿತು. ಅದರಲ್ಲಿ ಹಾರಾಟಕ್ಕೆ ಹೋದದ್ದು ಒಂದೂವರೆ ಗಂಟೆ. ಉಳಿದದ್ದೆಲ್ಲ ಕಾಗದಪತ್ರ, ಫೋನ್ ಕರೆ, ಕಾಯುವಿಕೆ ಮತ್ತು ಅಭ್ಯಾಸಕ್ಕೆ ಸಂದಿತು. ಖಾಸಗಿ ಪೈಲಟ್ ಲೈಸೆನ್ಸ್ ಇರುವ ಗೆಳೆಯರು ಕೆಲವರು ಇದರ ಬಗ್ಗೆ ಪದೇಪದೇ ಕೇಳುತ್ತಿರುವುದರಿಂದ, ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದಿಡುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಆಸೆಯೊಂದನ್ನೇ ಕಾರಣವಾಗಿ ಹೇಳಿಕೊಂಡು ಅಲ್ಲಿ ಇಳಿಯಲು ಆಗುವುದಿಲ್ಲ ಎಂಬುದು. ಸೇನಾ ನೆಲೆಗಳು ನಾಗರಿಕ ವಿಮಾನ ನಿಲ್ದಾಣಗಳೊಂದಿಗೆ ಪೈಪೋಟಿಗೆ ಇಳಿಯಬಾರದೆಂಬುದು ಅಲ್ಲಿಯ ನೀತಿ. ಪಕ್ಕದಲ್ಲೇ ನಾಗರಿಕ ನಿಲ್ದಾಣವಿದ್ದರೆ, ನೆಲೆಯ ರನ್‌ವೇ ಉದ್ದವಾಗಿದೆ ಅಥವಾ ಊರಿಗೆ ಹತ್ತಿರವಾಗಿದೆ ಎಂಬ ವಾದಕ್ಕೆ ಬೆಲೆಯಿಲ್ಲ. ನನಗೆ ನೆಲೆಯೊಳಗಿನ ಕಟ್ಟಡಗಳ ಸಮೀಕ್ಷೆಯ ಗುತ್ತಿಗೆ ಕೆಲಸವಿತ್ತು. ಕೆಲಸ ಒಪ್ಪಿಸಿದ ಕಚೇರಿಯವರು ಭೇಟಿಯ ದಿನ ಮತ್ತು ಉದ್ದೇಶವನ್ನು ಬರಹದಲ್ಲಿ ಕೊಟ್ಟಿದ್ದರು. ಆ ಪತ್ರವಿಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಗೂ ಅರ್ಥವಿರುತ್ತಿರಲಿಲ್ಲ.

ರಕ್ಷಣಾ ಇಲಾಖೆಯ (ಡಿಡಿ) ನಮೂನೆಗಳು ಮೂರು. ಡಿಡಿ 2400 ಎಂಬುದು ವಿಮೆಯ ಪ್ರಮಾಣಪತ್ರ. ಅದಕ್ಕೆ ಸಹಿ ಹಾಕಬೇಕಾದವರು ವಿಮಾ ಕಂಪನಿಯವರು, ನಾವಲ್ಲ. ಡಿಡಿ 2401 ಇಳಿಯುವ ಪರವಾನಗಿಯ ಅರ್ಜಿ. ಯಾವ ವಿಮಾನ, ಯಾವ ನೆಲೆ, ಯಾವ ಕೆಲಸ ಎಂಬುದನ್ನೆಲ್ಲ ಅದರಲ್ಲಿ ತುಂಬಿದರೆ, ಮಂಜೂರಾದ ಮೇಲೆ ಅದೇ ಹಾಳೆ ಪರವಾನಗಿಯಾಗಿ ಹಿಂದಕ್ಕೆ ಬರುತ್ತದೆ. ಡಿಡಿ 2402 ಒಂದು ಮುಚ್ಚಳಿಕೆ: ನೆಲೆಯನ್ನು ಬಳಸುವಾಗ ಹಾನಿಯೇನಾದರೂ ಆದರೆ ಸರ್ಕಾರವನ್ನು ಹೊಣೆ ಮಾಡುವುದಿಲ್ಲ ಎಂದು ನಾವು ಬರೆದುಕೊಡುವುದು. ವಾಯುಪಡೆ, ಭೂಸೇನೆ, ನೌಕಾಪಡೆ ತಮ್ಮ ತಮ್ಮ ನೆಲೆಗಳ ಪರವಾನಗಿಯನ್ನು ಬೇರೆ ಬೇರೆಯಾಗಿಯೇ ಕೊಡುತ್ತವೆ.

ನನ್ನ ಮೊದಲ ಅರ್ಜಿ ಹತ್ತೇ ದಿನದಲ್ಲಿ ವಾಪಸು ಬಂತು. ನಮ್ಮ ವಿಮಾನವನ್ನು ಮೂವರು ಸೇರಿ ಕೊಂಡಿದ್ದೇವೆ. ಅದರ ನೋಂದಣಿ ನಾವು ಅದಕ್ಕೆಂದೇ ಮಾಡಿಕೊಂಡ ಸಣ್ಣ ಸಂಸ್ಥೆಯ ಹೆಸರಿನಲ್ಲಿದೆ. ವಿಮೆಯೂ ಆ ಸಂಸ್ಥೆಯ ಹೆಸರಿನಲ್ಲೇ ಇತ್ತು, ಆದರೆ ಅರ್ಜಿಯನ್ನೂ ಮುಚ್ಚಳಿಕೆಯನ್ನೂ ನಾನು ನನ್ನ ಸ್ವಂತ ಹೆಸರಿನಲ್ಲಿ ತುಂಬಿದ್ದೆ. ಮೂರು ಹಾಳೆಗಳಲ್ಲಿ ಎರಡು ಹೆಸರು! ವಿಮಾ ಕಂಪನಿಯ ಗುಮಾಸ್ತರು ಬೇರೆ, ನೋಂದಣಿ ಸಂಖ್ಯೆಯ ಒಂದು ಅಕ್ಷರವನ್ನು ತಪ್ಪಾಗಿ ಬರೆದು ಅದರ ಮೇಲೆಯೇ ತಿದ್ದಿದ್ದರು. ಹೊಸ ಹಾಳೆಗಳನ್ನು ತರಿಸಿ, ಮೂರರಲ್ಲೂ ಸಂಸ್ಥೆಯ ಹೆಸರನ್ನು ಒಂದು ಚುಕ್ಕೆಯೂ ಬದಲಾಗದಂತೆ ಬರೆದು, ಸಂಸ್ಥೆಯ ಪರವಾಗಿ ಸಹಿ ಮಾಡಿ ಮತ್ತೆ ಕಳುಹಿಸಿದೆ. ಈ ಕಟ್ಟುನಿಟ್ಟಿನ ಬಗ್ಗೆ ನನಗೆ ಬೇಸರವಿಲ್ಲ. ಅಪಘಾತವಾದಾಗ ಹೊಣೆ ಯಾರದೆಂದು ಹುಡುಕುವವರ ಕೈಗೆ ಸಿಗುವುದು ಆ ಹಾಳೆಗಳೇ.

ಪರವಾನಗಿ ಬಂತೆಂದರೆ ಹೊರಡಬಹುದು ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಆ ನೆಲೆಯ ವಿಮಾನ ಕಾರ್ಯಾಚರಣೆ ಕಚೇರಿಗೆ ಫೋನ್ ಮಾಡಿ, ಆ ದಿನಕ್ಕೂ ಆ ಹೊತ್ತಿಗೂ ಸೀಮಿತವಾದ ಮುಂಗಡ ಅನುಮತಿಯನ್ನು ಬೇರೆಯಾಗಿ ಪಡೆಯಬೇಕು. ಪೈಲಟ್‌ಗಳ ಬಾಯಲ್ಲಿ ಅದು ಪಿಪಿಆರ್. ಪರವಾನಗಿ ಕೈಯಲ್ಲಿದ್ದರೂ ಅಂದು ನಿಲ್ಲಿಸಲು ಜಾಗವಿಲ್ಲವೆಂದೋ, ರನ್‌ವೇ ಕೆಲಸ ನಡೆಯುತ್ತಿದೆಯೆಂದೋ ಅವರು ನಿರಾಕರಿಸಬಹುದು. ನನಗೆ ಒಂದು ಸಂಖ್ಯೆಯನ್ನೂ, ಬೆಳಿಗ್ಗೆ ಹತ್ತು ಗಂಟೆಗೆ ಅರ್ಧ ಗಂಟೆ ಹಿಂದುಮುಂದಿನ ಅವಧಿಯನ್ನೂ ಕೊಟ್ಟರು. ಅದೇ ಕರೆಯಲ್ಲಿ ನಾನು ಕೇಳಿದ ಎರಡು ಪ್ರಶ್ನೆಗಳು ಇಡೀ ಪ್ರಯಾಣದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದವು: ನಮ್ಮ ಎಂಜಿನ್ ಕುಡಿಯುವ ಏವಿಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ಅಲ್ಲಿ ಸಿಗುತ್ತದೆಯೇ, ಮತ್ತು ರನ್‌ವೇ ಮೇಲೆ ತಡೆಹಗ್ಗ ಬಿಗಿದಿದೆಯೇ?

ಏವಿಗ್ಯಾಸ್ ಇಲ್ಲ, ಜೆಟ್ ಇಂಧನ ಮಾತ್ರ ಎಂದರು. ಆದ್ದರಿಂದ ಹೋಗಿಬರುವುದಕ್ಕೂ ಮೀಸಲಿಗೂ ಸಾಕಾಗುವಷ್ಟನ್ನು ಮನೆಯಿಂದಲೇ ತುಂಬಿಸಿಕೊಂಡೆ. ಹಗ್ಗದ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ.

ಬ್ರೇಕ್ ಕೈಕೊಟ್ಟ ಯುದ್ಧವಿಮಾನ ಬಾಲದ ಕೆಳಗಿನ ಕೊಕ್ಕೆಯನ್ನು ಇಳಿಬಿಟ್ಟು, ರನ್‌ವೇಗೆ ಅಡ್ಡಲಾಗಿ ಬಿಗಿದ ಈ ಉಕ್ಕಿನ ಹಗ್ಗವನ್ನು ಹಿಡಿಯುತ್ತದೆ; ಆಗ ಎರಡೂ ಪಕ್ಕದ ಯಂತ್ರಗಳು ಹಗ್ಗಕ್ಕೆ ಸೇರಿಸಿದ ಪಟ್ಟಿಯನ್ನು ಬಿಚ್ಚುತ್ತಾ, ಬ್ರೇಕ್ ಹಿಡಿಯುತ್ತಾ ವಿಮಾನವನ್ನು ನಿಲ್ಲಿಸುತ್ತವೆ. ಹಗ್ಗದ ದಪ್ಪ ಸುಮಾರು 1.25 ಇಂಚು. ಕೊಕ್ಕೆಗೆ ಸಿಗಲೆಂದು ಅದನ್ನು ರಬ್ಬರ್ ಬಿಲ್ಲೆಗಳ ಮೇಲೆ ನೆಲದಿಂದ ತುಸು ಎತ್ತರದಲ್ಲಿ ನಿಲ್ಲಿಸಿರುತ್ತಾರೆ. ಹಗ್ಗವಿರುವ ಜಾಗ ಪೈಲಟ್‌ಗೆ ಕಾಣಲೆಂದು ರನ್‌ವೇ ಮೇಲೆ ದೊಡ್ಡ ದೊಡ್ಡ ಹಳದಿ ವೃತ್ತಗಳನ್ನು ಬರೆದಿರುತ್ತಾರೆ. ಭಾರದ ಜೆಟ್ ವಿಮಾನಕ್ಕೆ ಅದು ರಸ್ತೆಯ ಉಬ್ಬಿನಷ್ಟೇ. ನಮ್ಮ ಸೆಸ್ನಾದ ಮೂಗಿನ ಪುಟ್ಟ ಚಕ್ರ ಅದರ ಮೇಲೆ ವೇಗವಾಗಿ ಹಾದರೆ ಚಕ್ರದ ಕವಚ ಒಡೆಯಬಹುದು, ಮೂಗಿನ ಕಾಲಿಗೇ ಪೆಟ್ಟಾಗಬಹುದು.

ಆ ನೆಲೆಯಲ್ಲಿ ಹಗ್ಗವಿದ್ದದ್ದು ರನ್‌ವೇ ಆರಂಭದಿಂದ 1,200 ಅಡಿ ಒಳಗೆ. ರನ್‌ವೇ ಪಕ್ಕದ ದೀಪಗಳು ತೋರಿಸುವ ಇಳಿಜಾರನ್ನು, ಅಂದರೆ ಎರಡು ಬಿಳಿ ಎರಡು ಕೆಂಪನ್ನು, ನಂಬಿ ಬಂದರೆ ಚಕ್ರಗಳು ನೆಲ ಮುಟ್ಟುವುದು ಹೆಚ್ಚುಕಡಿಮೆ ಅಲ್ಲಿಯೇ. ಹಾಗಾಗಿ ಆ ದೀಪಗಳನ್ನು ಅನುಸರಿಸದೆ, ಹಗ್ಗ ದಾಟಿ 2,000 ಅಡಿಯ ಬಳಿ ಟ್ಯಾಕ್ಸಿವೇ (ವಿಮಾನಗಳು ರನ್‌ವೇಗೆ ಬಂದುಹೋಗುವ ದಾರಿ) ಕೂಡುವ ಜಾಗವನ್ನು ಗುರಿಯಾಗಿಟ್ಟುಕೊಳ್ಳುವುದು ಎಂದು ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ನೆಲ ಮುಟ್ಟಿದ ಮೇಲೆ ನಮಗೆ ಬೇಕಾಗುವ ಓಟ 600 ಅಡಿಯಷ್ಟು. ರನ್‌ವೇ ಉದ್ದ 12,000 ಅಡಿ. ಎರಡು ಸಾವಿರ ಅಡಿಯನ್ನು ಹಿಂದೆ ಬಿಡುವುದರಿಂದ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಉದ್ದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಗಲ. ಬಿ-52ರಂಥ, 185 ಅಡಿ ರೆಕ್ಕೆಯ ಬಾಂಬರ್‌ಗಳಿಗಾಗಿ ಕಟ್ಟಿದ ಆ ರನ್‌ವೇ 300 ಅಡಿ ಅಗಲವಿದೆ. ನಾನು ದಿನವೂ ಇಳಿಯುವುದು 60 ಅಡಿ ಅಗಲದ ಪಟ್ಟಿಯ ಮೇಲೆ. ಅಗಲವಾದ ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ: ಇನ್ನೂ ಎತ್ತರದಲ್ಲಿರುವಾಗಲೇ ನೆಲ ಹತ್ತಿರ ಬಂತೆಂದು ಅನ್ನಿಸಿ, ಪೈಲಟ್ ಮೂಗನ್ನು ಬೇಗ ಎತ್ತುತ್ತಾನೆ, ವೇಗ ಕುಸಿದು ವಿಮಾನ ಧೊಪ್ಪನೆ ಬೀಳುತ್ತದೆ. ಹಿಂದಿನ ಎರಡು ಶನಿವಾರ 150 ಅಡಿ ಅಗಲದ ನಾಗರಿಕ ರನ್‌ವೇಗೆ ಹೋಗಿ ಹನ್ನೊಂದು ಸಲ ಇಳಿದು ಅಭ್ಯಾಸ ಮಾಡಿದೆ. ಮೊದಲ ಮೂರು ಸಲವೂ ಆದದ್ದು ಅದೇ. ಕಣ್ಣನ್ನು ಮೂಗಿನ ಮುಂದಿನ ನೆಲದಿಂದ ಕಿತ್ತು ರನ್‌ವೇಯ ತುದಿಗೆ ನೆಟ್ಟ ಮೇಲೆ ಸರಿಹೋಯಿತು.

ಹೊರಡುವ ದಿನ ಆತುರದಲ್ಲಿ ಇಪ್ಪತ್ತು ನಿಮಿಷ ಮೊದಲೇ ಹಾರಿದೆ, ಹಿಂಗಾಳಿ ಇನ್ನೊಂದು ಕಾಲು ಗಂಟೆಯನ್ನು ಉಳಿಸಿತು. ಹೀಗೆ ನನಗೆ ಕೊಟ್ಟ ಅವಧಿ ಆರಂಭವಾಗುವುದಕ್ಕೆ ಇನ್ನೂ ಐದು ನಿಮಿಷವಿತ್ತು. ನಿಯಂತ್ರಿತ ವಾಯುಪ್ರದೇಶದ ಹೊರಗೆ, ಧಾನ್ಯದ ಎತ್ತರದ ಉಗ್ರಾಣವೊಂದರ ಮೇಲೆ ಎರಡು ಸುತ್ತು ಹಾಕಿ ಆ ಐದು ನಿಮಿಷವನ್ನು ಕಳೆದೆ. ಆಮೇಲೆ ರೇಡಿಯೊದಲ್ಲಿ ಕರೆದಾಗ, ನೆಲೆಯತ್ತ ಬರುವ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್ ನಿಯಂತ್ರಕರು ಮೊದಲು ಕೇಳಿದ್ದೇ ಅನುಮತಿಯ ಸಂಖ್ಯೆಯನ್ನು. ಇಳಿಯಬೇಕಾದ ನೆಲೆ ಇದೇ ಹೌದೇ ಎಂಬುದನ್ನೂ ರನ್‌ವೇ ದಿಕ್ಕಿನೊಂದಿಗೆ ತಾಳೆ ನೋಡಿದೆ. 2016ರ ಜುಲೈನಲ್ಲಿ ದಕ್ಷಿಣ ಡಕೋಟ ರಾಜ್ಯದ ರ್ಯಾಪಿಡ್ ಸಿಟಿಗೆ ಹೊರಟಿದ್ದ ಪ್ರಯಾಣಿಕರ ಜೆಟ್ ಒಂದು ಅಲ್ಲೇ ಹತ್ತಿರದ ಎಲ್ಸ್‌ವರ್ತ್ ವಾಯುನೆಲೆಯಲ್ಲಿ ಇಳಿದುಬಿಟ್ಟಿತ್ತು. ಎರಡೂ ರನ್‌ವೇಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗಿವೆ. ತುರ್ತು ಪರಿಸ್ಥಿತಿಯಲ್ಲಿ ಯಾವ ಅನುಮತಿಯೂ ಇಲ್ಲದೆ ಸೇನಾ ನೆಲೆಯಲ್ಲಿ ಇಳಿಯಬಹುದು. ತಪ್ಪಿನಿಂದ ಇಳಿದವರನ್ನು ಮಾತ್ರ ಭದ್ರತಾ ಸಿಬ್ಬಂದಿ ಸುತ್ತುವರಿದು ವಿಚಾರಿಸದೆ ಬಿಡುವುದಿಲ್ಲ.

ಟವರ್ ಆವರ್ತನಕ್ಕೆ ಹೋದಾಗ ಒಂದು ವಿಚಿತ್ರ ಅನುಭವವಾಯಿತು. ನಿಯಂತ್ರಕರು ಯಾರಿಗೋ ಸೂಚನೆ ಕೊಡುತ್ತಾರೆ, ಉತ್ತರವೇ ಕೇಳುವುದಿಲ್ಲ, ಆದರೂ ಮಾತುಕತೆ ಮುಂದುವರಿಯುತ್ತದೆ. ಯುದ್ಧವಿಮಾನಗಳು ಮಾತನಾಡುವುದು 225ರಿಂದ 400 ಮೆಗಾಹರ್ಟ್ಸ್‌ನ ಯುಎಚ್‌ಎಫ್ ಪಟ್ಟಿಯಲ್ಲಿ. ನಮ್ಮ ರೇಡಿಯೊಗೆ ಅದು ಎಟುಕದು. ಟವರ್ ಮಾತ್ರ ಆ ಪಟ್ಟಿಯಲ್ಲೂ ನಮ್ಮ ಪಟ್ಟಿಯಲ್ಲೂ ಒಟ್ಟಿಗೆ ಮಾತನಾಡುತ್ತದೆ. ಬೇರೆ ನಿಲ್ದಾಣಗಳಲ್ಲಿ ಪೈಲಟ್‌ಗಳ ಮಾತು ಕೇಳಿಯೇ ಯಾರು ಎಲ್ಲಿದ್ದಾರೆಂದು ಊಹಿಸುವ ನನಗೆ ಇಲ್ಲಿ ಅರ್ಧ ಮಾತಿನಿಂದಲೇ ಚಿತ್ರ ಕಟ್ಟಬೇಕಾಯಿತು. ಎರಡು ಎಫ್-16ಗಳು ರನ್‌ವೇ ನೇರಕ್ಕೆ ಬಂದು, ನನಗಿಂತ ಮೇಲೆ ಒಂದರ ಹಿಂದೊಂದು ಕಡಿದಾಗಿ ತಿರುಗಿ ಇಳಿಯಲಿದ್ದವು. ಅವು ಕಣ್ಣಿಗೆ ಬೀಳುವವರೆಗೂ ನಾನು ತಿರುಗಲಿಲ್ಲ, ಕಾಣುತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಕೊನೆಯ ತಿರುವಿನಲ್ಲಿ ಟವರ್‌ನಿಂದ ‘ಚೆಕ್ ವೀಲ್ಸ್ ಡೌನ್’ ಎಂದು ಬಂತು. ನಮ್ಮದು ಮಡಿಸಲಾಗದ ಚಕ್ರಗಳ ವಿಮಾನ, ಆದರೂ ಕೆಳಗೆ ಒಮ್ಮೆ ನೋಡಿಯೇ ಉತ್ತರಿಸಿದೆ. ಇಳಿಜಾರಿನ ದೀಪಗಳಲ್ಲಿ ನಾಲ್ಕೂ ಬಿಳಿಯಾಗಿದ್ದವು, ಅಂದರೆ ನಾನು ಎತ್ತರದಲ್ಲಿದ್ದೆ, ಅಂದುಕೊಂಡದ್ದೂ ಅದೇ. ಹಳದಿ ವೃತ್ತಗಳು ರೆಕ್ಕೆಯ ಕೆಳಗೆ ಹಾದುಹೋದವು. ಹಗ್ಗ ಕಂಡದ್ದು ಕ್ಷಣಮಾತ್ರ, ಕಾಂಕ್ರೀಟಿನ ಮೇಲೆ ಎಳೆದ ಕಪ್ಪು ಗೆರೆಯ ಹಾಗೆ. ದೃಷ್ಟಿಯನ್ನು ದೂರದ ತುದಿಯಲ್ಲಿಟ್ಟು, ನೆಲ ಬಂತು ಎಂಬ ಅನಿಸಿಕೆಯನ್ನು ಎರಡು ಸಲ ನಿರಾಕರಿಸಿ ಮೂರನೆಯದಕ್ಕೆ ಮೂಗನ್ನೆತ್ತಿದೆ. ಚಕ್ರಗಳು ಟ್ಯಾಕ್ಸಿವೇಯಿಂದ ಇನ್ನೂರು ಅಡಿ ಆಚೆ ಮುಟ್ಟಿದವು.

ಹಳದಿ ಟ್ರಕ್ಕೊಂದು ಮುಂದೆ ನಿಂತು ದಾರಿ ತೋರಿಸಿತು. ನಿಲ್ಲಿಸಿದ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆ ಕಾಂಕ್ರೀಟಿನ ಮೇಲೆ ಅಂಗೈ ಅಗಲದ ಕೆಂಪು ಗೆರೆ. ಅದನ್ನು ನಿಗದಿಪಡಿಸಿದ ಪ್ರವೇಶದ್ವಾರದಲ್ಲಲ್ಲದೆ ಬೇರೆಲ್ಲಿಯೂ ದಾಟಬಾರದು, ಕಾವಲುಗಾರರಿಗೆ ಗುಂಡು ಹಾರಿಸುವ ಅಧಿಕಾರವಿದೆ ಎಂದು ಸ್ವಾಗತಿಸಲು ಬಂದ ಸೈನಿಕ ಮೊದಲ ಮಾತಿನಲ್ಲೇ ತಿಳಿಸಿದ. ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. ಎಂಜಿನ್ ಆಯಿಲ್ ಅಳೆಯುವಾಗ ಒರೆಸಿದ ಬಟ್ಟೆಯ ತುಂಡನ್ನೂ ಎಣಿಸಿ ಒಳಗಿಟ್ಟೆ, ಏಕೆಂದರೆ ನೆಲದಲ್ಲಿ ಬಿದ್ದ ಇಂಥ ಚಿಕ್ಕ ವಸ್ತುವೂ ಜೆಟ್ ಎಂಜಿನ್ ಒಳಗೆ ಸೆಳೆದುಕೊಂಡರೆ ಅದನ್ನು ಹಾಳು ಮಾಡಬಲ್ಲದು.

ಸಂಜೆ ಹೊರಡುವಾಗ ಹಗ್ಗದ ಆಚೆಯ ಅದೇ ಟ್ಯಾಕ್ಸಿವೇಯಿಂದ ಹಾರಲು ಅನುಮತಿ ಕೇಳಿದೆ, ಕೊಟ್ಟರು. ನನ್ನ ಮುಂದೆ ಸಿ-17 ಸಾರಿಗೆ ವಿಮಾನವೊಂದು ಪೂರ್ತಿ ಉದ್ದದಿಂದ ಹಾರಿತು. ಟವರ್ ಮೂರು ನಿಮಿಷ ಕಾಯಿಸಿತು. ಅದು ನೆಲ ಬಿಟ್ಟ ಜಾಗಕ್ಕೂ ನಾನು ಬಿಡಬಹುದಾದ ಜಾಗಕ್ಕೂ ಹೆಚ್ಚು ಅಂತರವಿರಲಿಲ್ಲ, ಗಾಳಿಯೂ ಸ್ತಬ್ಧವಾಗಿತ್ತು. ಅಂಥ ಹೊತ್ತಿನಲ್ಲಿ ದೊಡ್ಡ ರೆಕ್ಕೆಗಳು ಎಬ್ಬಿಸಿದ ಗಾಳಿಯ ಸುಳಿ ಬೇಗ ಚದುರುವುದಿಲ್ಲ. ಇನ್ನೂ ಎರಡು ನಿಮಿಷ ಬೇಕೆಂದು ಕೇಳಿಕೊಂಡೆ. ನಿಯಂತ್ರಕರು ಒಪ್ಪಿ, ನನ್ನ ಹಿಂದೆ ಸರದಿಯಲ್ಲಿದ್ದ ಎರಡು ಜೆಟ್‌ಗಳನ್ನು ಅಲ್ಲೇ ನಿಲ್ಲಿಸಿದರು. ಐದನೆಯ ನಿಮಿಷ ಮುಗಿದ ಮೇಲೆ ಥ್ರಾಟಲ್ ಒತ್ತಿದೆ.