ಹುಳ ಕಾಣಲಿಲ್ಲ ಅಂತ ಸುಮ್ಮನಿದ್ದೆ

ಶಿರಾ ಕಡೆ ನಾನು ದನದ ಡಾಕ್ಟ್ರು. ನಾಯಿ ತಂದವರೂ ಹಾಗೇ ಕರೆಯುತ್ತಾರೆ. ನಾಯಿಗೆ ಜಂತಿನ ಔಷಧಿ ಹಾಕಿಸಿ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದವನು ನಾನು. ಎಡವಿದ್ದು ಮಾತ್ರ ನನ್ನ ಮನೆಯಲ್ಲೇ.

ನಮ್ಮ ಕೆಂಪಿ ಮೊದಲ ಸಲ ಆರು ಮರಿ ಹಾಕಿದ್ದಳು. ನಾಲ್ಕನೇ ವಾರಕ್ಕೆ ಮರಿಗಳ ಹೊಟ್ಟೆ ಗುಡಾಣದ ಹಾಗೆ ಆಗಿತ್ತು. ಹಾಲು ಚೆನ್ನಾಗಿ ಕುಡೀತಿವೆ ಅಂದುಕೊಂಡೆ. ಬೇರೆಯವರ ಮರಿ ಆಗಿದ್ದರೆ ನೋಡಿದ ಕೂಡಲೇ ಹೇಳುತ್ತಿದ್ದೆ, ಅದು ಬೇರೆ ಮಾತು. ಒಂದು ಬೆಳಿಗ್ಗೆ ಒಂದು ಮರಿ ವಾಂತಿ ಮಾಡಿತು. ಪಕ್ಕದಲ್ಲೇ ಕೂತಿದ್ದ ನಾಲ್ಕು ವರ್ಷದ ಮಗಳು ಕೂಗಿದಳು: ‘ಅಪ್ಪಾ, ಶ್ಯಾವಿಗೆ ಓಡಾಡ್ತಿದೆ!’ ಹೋಗಿ ನೋಡಿದರೆ ದುಂಡುಹುಳುಗಳ ಉಂಡೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು.

ಎರಡು ತಿಂಗಳ ಹಿಂದೆಯಷ್ಟೇ ಕೆಂಪಿಯ ಕಕ್ಕ ಪರೀಕ್ಷೆ ಮಾಡಿದ್ದೆ. ಏನೂ ಇರಲಿಲ್ಲ. ಹೇಗೆ ಕಾಣಬೇಕು? ದೊಡ್ಡ ನಾಯಿಯ ಮೈಯೊಳಗೆ ಈ ಹುಳದ ಮರಿಗಳು ಮಾಂಸಖಂಡದಲ್ಲಿ ನಿದ್ದೆ ಮಾಡುತ್ತಿರುತ್ತವೆ. ಗಬ್ಬವಾದಾಗ ಎದ್ದು, ಗರ್ಭದಲ್ಲಿರುವಾಗಲೇ ನಾಯಿಮರಿಗಳಿಗೆ ದಾಟುತ್ತವೆ. ಕೊಕ್ಕೆಹುಳು ಅಂತ ಇನ್ನೊಂದು ಜಾತಿಯ ಜಂತು ತಾಯಿಯ ಹಾಲಿನಲ್ಲಿ ಬರುತ್ತೆ. ಇದೆಲ್ಲ ಓದಿ ಪಾಸಾದವನೇ ನಾನು, ಆದರೂ ‘ಏನೂ ಕಾಣ್ಲಿಲ್ಲ’ ಅಂತ ಸುಮ್ಮನಿದ್ದೆ.

ಅವತ್ತೇ ಮರಿಗಳ ಕಕ್ಕ ಪರೀಕ್ಷೆಗೆ ಕೂತೆ. ಬಿಸಿನೀರಿಗೆ ಇನ್ನು ಕರಗಲ್ಲ ಅನ್ನುವ ತನಕ ಅಡುಗೆ ಉಪ್ಪು ಹಾಕಿ ಆರಿಸಿದೆ. ಬಟಾಣಿ ಕಾಳಿನಷ್ಟು ಕಕ್ಕ ಅದರಲ್ಲಿ ಕದಡಿ ಟೀ ಜಾಲರಿಯಲ್ಲಿ ಸೋಸಿದೆ. (ಅದು ಬೇರೆ ಜಾಲರಿ. ಹೆಂಡತಿ ಇವತ್ತಿಗೂ ನಂಬಲ್ಲ.) ಸಣ್ಣ ಗಾಜಿನ ಟ್ಯೂಬಿನ ಬಾಯಿ ತನಕ ತುಂಬಿಸಿ, ಮೇಲೆ ತೆಳು ಗಾಜಿನ ಚೂರು ಇಟ್ಟು ಹದಿನೈದು ನಿಮಿಷ ಬಿಟ್ಟೆ. ಉಪ್ಪುನೀರು ಭಾರ, ಮೊಟ್ಟೆ ಹಗುರ. ತೇಲಿ ಬಂದು ಗಾಜಿಗೆ ಅಂಟುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲಿ ನೋಡಿದರೂ ಅವೇ: ದುಂಡಗೆ, ಕಂದು ಬಣ್ಣ, ದಪ್ಪ ಸಿಪ್ಪೆ, ಮೇಲೆಲ್ಲ ಚುಕ್ಕಿ ಚುಕ್ಕಿ ಗುಳಿ. ನಡುನಡುವೆ ತೆಳು ಸಿಪ್ಪೆಯ ಕೊಕ್ಕೆಹುಳುವಿನ ಮೊಟ್ಟೆ, ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಕಣಗಳು.

ಎಲ್ಲ ಮರಿಗಳನ್ನೂ ತೂಕ ಮಾಡಿ ಪೈರಾಂಟೆಲ್ ಅನ್ನುವ ಜಂತಿನ ಔಷಧಿ ಕುಡಿಸಿದೆ. ಕೆಂಪಿಗೂ ಅವತ್ತೇ. ಮರಿಗೆ ಹಾಕಿ ತಾಯಿಯನ್ನು ಬಿಟ್ಟರೆ ಉಪಯೋಗ ಇಲ್ಲ. ನಿಜಕ್ಕೂ ಎರಡನೇ ವಾರಕ್ಕೇ ಶುರು ಮಾಡಬೇಕಿತ್ತು. ಆಮೇಲೆ ಎರಡು ವಾರಕ್ಕೊಂದು ಸಲ, ಎರಡು ತಿಂಗಳು ತುಂಬಿದ ಮೇಲೆ ಆರು ತಿಂಗಳ ತನಕ ತಿಂಗಳಿಗೊಂದು ಸಲ.

ನನ್ನ ಹೆದರಿಕೆ ಇದ್ದದ್ದು ಅಂಗಳದ ಮಣ್ಣಿನ ಬಗ್ಗೆ. ದುಂಡುಹುಳುವಿನ ಮೊಟ್ಟೆ ಹೊರಗೆ ಬಿದ್ದ ದಿನ ಯಾರಿಗೂ ಅಂಟಲ್ಲ. ಎರಡು ಮೂರು ವಾರ ಮಣ್ಣಲ್ಲಿ ಬಲಿಯಬೇಕು. ಬಲಿತ ಮೇಲೆ ವರ್ಷಗಟ್ಟಲೆ ಇರುತ್ತೆ, ಫಿನಾಯಿಲ್‌ಗೂ ಬಗ್ಗಲ್ಲ. ಆ ಮಣ್ಣಿನ ಕೈ ಮಗುವಿನ ಬಾಯಿಗೆ ಹೋದರೆ ಹುಳದ ಮರಿ ಕರುಳಿನಿಂದ ಹೊರಟು ಲಿವರ್, ಶ್ವಾಸಕೋಶ ಸುತ್ತುತ್ತೆ. ಕಣ್ಣಿಗೆ ಹೋದರೆ ಆ ಕಣ್ಣಿನ ದೃಷ್ಟಿಯೇ ಹೋಗಬಹುದು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತೆ. ತುರಿಸುವ ಕೆಂಪು ಗೆರೆ ದಿನಾ ಸ್ವಲ್ಪ ಸ್ವಲ್ಪ ಸೊಟ್ಟಗೆ ಮುಂದಕ್ಕೆ ಹರಿಯುತ್ತೆ.

ಮರಿಗಳಿದ್ದ ಮೂಲೆಯ ಮೇಲ್ಮಣ್ಣು ಕೆರೆದು ಗುಂಡಿಗೆ ಹಾಕಿ, ಚಪ್ಪಡಿ ಹಾಸಿಸಿದೆ. ಕಕ್ಕ ಅವತ್ತಿಂದವತ್ತೇ ಎತ್ತುವ ಕೆಲಸ ನನ್ನದಾಯಿತು. ಮಗಳನ್ನು ಮಕ್ಕಳ ಡಾಕ್ಟ್ರಿಗೆ ತೋರಿಸಿದೆ, ಏನೂ ತೊಂದರೆ ಇರಲಿಲ್ಲ.

ಅದಾದ ಮೇಲೆ ಕುರಿ ರೊಪ್ಪಗಳಲ್ಲೂ ನನ್ನ ಕಣ್ಣು ನಾಯಿಗಳ ಮೇಲೆ. ಒಂದು ಕಡೆ ಕುರಿ ಕೊಯ್ಯುತ್ತಿದ್ದರು. ಶ್ವಾಸಕೋಶದಲ್ಲಿ ನಿಂಬೆಹಣ್ಣಿನ ಗಾತ್ರದ ನೀರುಗುಳ್ಳೆ. ಅಜ್ಜ ಅದನ್ನು ಕಿತ್ತು ನಾಯಿಯ ಕಡೆ ಎಸೆಯಲು ಕೈ ಎತ್ತಿದ್ದ.

‘ಯಜಮಾನ್ರೇ, ನಾಯಿಗೆ ಹಾಕ್ಬೇಡಿ!’

‘ಕೆಟ್ಟಿದ್ದು ನಾಯಿಗಲ್ದೆ ಇನ್ಯಾರಿಗೆ ಸ್ವಾಮಿ?’

ಆ ಗುಳ್ಳೆ ತಿಂದ ನಾಯಿಯ ಕರುಳಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಲಾಡಿಹುಳು ಬೆಳೆಯುತ್ತೆ. ಇದರ ಮೊಟ್ಟೆ ಮಣ್ಣಲ್ಲಿ ಕಾಯುವುದೂ ಇಲ್ಲ, ಹೊರಬಂದ ಗಳಿಗೆಯಿಂದಲೇ ಅಂಟುತ್ತೆ. ನಾಯಿಯ ಕೂದಲಿಗೂ ಮೆತ್ತಿರುತ್ತೆ. ನೇವರಿಸಿದ ಕೈಯಲ್ಲೇ ಮುದ್ದೆ ಮುರಿದರೆ ಮುಗಿಯಿತು. ಅದೇ ಗುಳ್ಳೆ ಮನುಷ್ಯನ ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ದೊಡ್ಡದಾಗುತ್ತೆ, ಎಷ್ಟೋ ಸಲ ಆಪರೇಷನ್ನೇ ಮಾಡಬೇಕಾಗುತ್ತೆ. ಪೈರಾಂಟೆಲ್ ಇದಕ್ಕೆ ನಾಟಲ್ಲ, ಪ್ರಾಜಿಕ್ವಾಂಟೆಲ್ ಅನ್ನುವ ಔಷಧಿ ಬೇಕು. ರೊಪ್ಪದ ನಾಯಿಗಳಿಗೆ ಆರು ವಾರಕ್ಕೊಂದು ಸಲ ಅದನ್ನು ಹಾಕುತ್ತಿದ್ದೇನೆ.

ಅಜ್ಜನಿಗೆ ಹೇಳಿದ್ದು ಇಷ್ಟೇ: ಗುಳ್ಳೆ ಇದ್ದದ್ದನ್ನು ನಾಯಿ ಕೆದಕದಷ್ಟು ಆಳಕ್ಕೆ ಹೂಳಿ, ಉಳಿದದ್ದನ್ನು ಚೆನ್ನಾಗಿ ಬೇಯಿಸಿ ಹಾಕಿ. ಹೋದ ತಿಂಗಳು ಹೋದಾಗ ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಕುದಿಯುತ್ತಿತ್ತು. ನಾಯಿ ಅದರ ಮುಂದೆ ಜೊಲ್ಲು ಸುರಿಸುತ್ತಾ ಕೂತಿತ್ತು. ‘ನಮಗಿಂತ ಮೊದ್ಲು ಇದಕ್ಕೇ ಅಡುಗೆ ಆಗ್ತೈತೆ ಸ್ವಾಮಿ’ ಅಂತ ಅಜ್ಜ ನನ್ನನ್ನೇ ಬೈದ.