ಮ್ಯಾಕ್ರೋ ಒತ್ತಿದಾಗ 'ಕ' ಹೋಗಿ 'ಖ' ಬರ್ತಿದ್ಯಾ?

ಹಾಸನದ ಡಿಟಿಪಿ ಗೆಳೆಯರೇ, ನುಡಿ ತಂತ್ರಾಂಶದಲ್ಲಿ 'ಕಡೂರು' ಅಂತ ಒಂದೇ ಒತ್ತಿಗೆ ಟೈಪ್ ಆಗುವ ಮ್ಯಾಕ್ರೋ ಇಟ್ಟಿದ್ದೆ. ಶಿಫ್ಟ್ ಜೊತೆ ಒತ್ತಿದರೆ 'ಖ', 'ಢ' ಮೂಡುತ್ತಿತ್ತು. ಎರಡು ದಿನ ಫಾಂಟನ್ನೇ ಅನುಮಾನಿಸಿದೆ, ಪಾಪ ಅದರ ತಪ್ಪೇನೂ ಇರಲಿಲ್ಲ.

ಬೆರಳು ಶಿಫ್ಟ್ ಮೇಲೆ ಇರುವಾಗಲೇ ಮ್ಯಾಕ್ರೋ ಓಡುತ್ತದೆ. ಹಾಗಾಗಿ ಅದು ಕಳಿಸುವ ಪ್ರತಿ ಅಕ್ಷರಕ್ಕೂ ಶಿಫ್ಟ್ ಅಂಟಿಕೊಳ್ಳುತ್ತದೆ. ನುಡಿಯಲ್ಲಿ ಮಹಾಪ್ರಾಣಕ್ಕೆ ಶಿಫ್ಟೇ ತಾನೆ?

ಕ್ಯೂಎಂಕೆ (ಕೀಗಳ ಕೆಲಸವನ್ನು ನಾವೇ ಕೋಡ್ ಬರೆದು ಬದಲಿಸಬಹುದಾದ, ಕೀಬೋರ್ಡಿನೊಳಗಿನ ತಂತ್ರಾಂಶ) ಇರುವ ಕೀಬೋರ್ಡ್ ಆದರೆ ಮ್ಯಾಕ್ರೋ ಶುರುವಿನಲ್ಲಿ 'ಗೆಟ್ ಮಾಡ್ಸ್'ನಿಂದ ಶಿಫ್ಟ್, ಕಂಟ್ರೋಲ್‌ನಂಥ ಕೀಗಳ ಸ್ಥಿತಿ ಉಳಿಸಿಕೊಂಡು 'ಕ್ಲಿಯರ್ ಮಾಡ್ಸ್' ಹಾಕಿ, ಪಠ್ಯ ಕಳಿಸಿ, ಕೊನೆಗೆ 'ಸೆಟ್ ಮಾಡ್ಸ್'ನಿಂದ ವಾಪಸ್ ಕೊಡಿ. ಕೋಡ್ ಬೇಡವೆಂದರೆ ಮ್ಯಾಕ್ರೋವನ್ನು ಶಿಫ್ಟ್ ಬೇಡದ ಒಂಟಿ ಕೀಗೆ ಕೊಡಿ, ನನಗೆ ಅದೇ ಇಷ್ಟ.

ಮ್ಯಾಕ್ರೋ ಮುಗಿದ ಮೇಲೂ ಕಂಟ್ರೋಲ್ ಒತ್ತಿದ ಹಾಗೇ ಉಳಿದರೆ, ಮ್ಯಾಕ್ರೋದಲ್ಲಿ 'ಡೌನ್' (ಕೀ ಒತ್ತು) ಬರೆದು 'ಅಪ್' (ಕೀ ಬಿಡು) ಮರೆತಿರುತ್ತೀರಿ. ಸದ್ಯಕ್ಕೆ ಎಡ, ಬಲ ಎರಡೂ ಕಂಟ್ರೋಲ್ ಒಮ್ಮೊಮ್ಮೆ ಒತ್ತಿ ಬಿಡಿ.