ಸರ್ವರ್ ಎಲ್ಲಿ ತಿಣುಕುತ್ತಿದೆ? ವಿಎಸ್ ಕೋಡ್‌ನಲ್ಲೇ ಹಿಡಿಯುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ದುರಸ್ತಿ ನಡೆಯುವ ಆ ಎರಡು ತಿಂಗಳಲ್ಲೇ ನನ್ನ ಆ್ಯಪ್‌ಗಳ ದುರಸ್ತಿಯೂ. ಮೀನು ವ್ಯಾಪಾರಿಯೊಬ್ಬರಿಗೆ ನೋಡ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬರೆದುಕೊಟ್ಟ ಲೆಕ್ಕದ ಆ್ಯಪ್ ಕಳೆದ ಹಂಗಾಮಿನ ಕೊನೆಗೆ ನನ್ನ ಮಾನ ಕಳೆದಿತ್ತು. ವರ್ಷದ ವರದಿ ಒತ್ತಿದರೆ ಐದು ಸೆಕೆಂಡ್. ನೋಡ್ ನಮ್ಮ ಜಾವಾಸ್ಕ್ರಿಪ್ಟನ್ನು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದಾದ ಮೇಲೆ ಒಂದರಂತೆ, ಓಡಿಸುತ್ತದೆ; ಹಾಗಾಗಿ ಅಷ್ಟು ಹೊತ್ತು ಹರಾಜಿನಲ್ಲಿ ಬಂಗುಡೆಯ ದರ ಬರೆಯುತ್ತಿದ್ದವರ ಮೊಬೈಲೂ ಸ್ತಬ್ಧ. "ನಿಮ್ಮ ಆ್ಯಪ್‌ಗೆ ಮಧ್ಯಾಹ್ನದ ನಿದ್ದೆಯಾ ಮಾರಾಯರೇ?" ಎಂದು ವ್ಯಾಪಾರಿ ಕೇಳಿದರು.

ನಾನು ಡೇಟಾಬೇಸನ್ನು ಬೈದೆ. ಹುಡುಕಾಟ ಚುರುಕಾಗಲೆಂದು ಎರಡು ಇಂಡೆಕ್ಸ್ ಸೇರಿಸಿದೆ. ಒಂದಿಡೀ ದಿನ ಹೋಯಿತು, ಐದು ಸೆಕೆಂಡ್ ಐದಾಗಿಯೇ ಉಳಿಯಿತು. ಪ್ರೊಫೈಲ್, ಅಂದರೆ ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತದೆ ಎಂಬ ಲೆಕ್ಕ, ಹಿಡಿಯುವ ಬುದ್ಧಿ ಬಂದದ್ದು ಆಮೇಲೆ.

ಹೊರಗಿನ ಯಾವ ಸಲಕರಣೆಯೂ ಬೇಡ. ವಿಎಸ್ ಕೋಡ್ ಎಂಬ ಕೋಡ್ ಎಡಿಟರ್‌ನ ಟರ್ಮಿನಲ್‌ನಲ್ಲಿ ಪ್ಲಸ್ ಗುರುತಿನ ಪಕ್ಕದ ಬಾಣ ಒತ್ತಿ, 'ಜಾವಾಸ್ಕ್ರಿಪ್ಟ್ ಡಿಬಗ್ ಟರ್ಮಿನಲ್' ಆರಿಸಿ, ಅದರಲ್ಲೇ ಸರ್ವರ್ ಶುರು ಮಾಡಿ. ಡಿಬಗರ್ ತಾನಾಗಿಯೇ ಅಂಟಿಕೊಳ್ಳುತ್ತದೆ. ಎಡಗಡೆ 'ರನ್ ಆ್ಯಂಡ್ ಡಿಬಗ್' ತೆರೆದು, 'ಕಾಲ್ ಸ್ಟ್ಯಾಕ್' ಭಾಗದಲ್ಲಿ ಓಡುತ್ತಿರುವ ಸರ್ವರ್‌ನ ಸಾಲಿನ ಮೇಲೆ ಮೌಸ್ ತನ್ನಿ. ಅಲ್ಲಿ ಮೂಡುವ ಗುಂಡಗಿನ ಗುರುತೇ 'ಟೇಕ್ ಪರ್ಫಾರ್ಮೆನ್ಸ್ ಪ್ರೊಫೈಲ್'. ಅದನ್ನು ಒತ್ತುವ ಮೊದಲು ವರದಿಯನ್ನು ನಾಲ್ಕೈದು ಸಲ ಸುಮ್ಮನೆ ಓಡಿಸಿಬಿಡಿ. ನೋಡ್‌ನೊಳಗೆ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ಬಿಸಿಯಾಗುವ ಮೊದಲಿನ ಲೆಕ್ಕ ದಾರಿ ತಪ್ಪಿಸುತ್ತದೆ. ಒತ್ತಿದ ಮೇಲೆ ಸಿಪಿಯು ಪ್ರೊಫೈಲ್ ಆರಿಸಿ. ಎಷ್ಟು ಹೊತ್ತು ಎಂದು ಕೇಳಿದರೆ 'ಮ್ಯಾನ್ಯುವಲ್' ಎನ್ನಿ. ವರದಿಯನ್ನು ಹತ್ತು ಸಲ ತರಿಸಿ, ನಿಲ್ಲಿಸಿ. ನಾಲ್ಕು ಸಾಲಿನ ಪರೀಕ್ಷಾ ದತ್ತಾಂಶ ಇಟ್ಟುಕೊಂಡು ಇದನ್ನು ಮಾಡಿದರೆ ವ್ಯರ್ಥ. ನಾನು ಇಡೀ ಹಂಗಾಮಿನ ನಲವತ್ತು ಸಾವಿರ ಚೀಟಿಗಳನ್ನು ತುಂಬಿಸಿಕೊಂಡಿದ್ದೆ.

ಪ್ರೊಫೈಲ್ ಕಡತ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಬಂದು ಕೂರುತ್ತದೆ. ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಅದು ಹೋಗದಂತೆ ನೋಡಿಕೊಳ್ಳಿ. ನನ್ನದು ಒಮ್ಮೆ ಹೋಗಿತ್ತು.

ತೆರೆದುಕೊಳ್ಳುವ ಕೋಷ್ಟಕದಲ್ಲಿ 'ಸೆಲ್ಫ್ ಟೈಮ್', 'ಟೋಟಲ್ ಟೈಮ್' ಎಂಬ ಎರಡು ಅಂಕಣಗಳಿವೆ. ಇವನ್ನು ಕಲಸಿಕೊಂಡರೆ ಕೆಲಸ ಕೆಟ್ಟಿತು. ಮದುವೆ ಮನೆಯಲ್ಲಿ ಯಜಮಾನರು ಬೆಳಿಗ್ಗೆಯಿಂದ ಅಡುಗೆ ಕೊಟ್ಟಿಗೆಯಲ್ಲೇ ಇರುತ್ತಾರೆ, ಕಾಯಿ ತುರಿಯುವವರು ಬೇರೆ. ಯಜಮಾನರ ಹೊತ್ತು ಟೋಟಲ್. ತುರಿಮಣೆಯ ಮೇಲೆ ಕಳೆದ ಹೊತ್ತು ಸೆಲ್ಫ್. ಮೊದಲು ಸೆಲ್ಫ್ ಟೈಮ್ ಹೆಚ್ಚಿರುವ ಸಾಲನ್ನು ಹಿಡಿಯಿರಿ. ಒಂದು ವೇಳೆ 'ಐಡಲ್' ಎಂಬ ಸಾಲೇ ಬಹುಪಾಲು ಹೊತ್ತನ್ನು ನುಂಗಿದ್ದರೆ ನಿಮ್ಮ ಸರ್ವರ್ ದುಡಿಯುತ್ತಿಲ್ಲ, ಯಾರಿಗೋ ಕಾಯುತ್ತಿದೆ. ಆಗ ಡೇಟಾಬೇಸನ್ನೋ ನೆಟ್‌ವರ್ಕನ್ನೋ ಬೈಯಬಹುದು. ಬೇಡವಾದ ಮೆಮೊರಿಯನ್ನು ಗುಡಿಸುವ 'ಗಾರ್ಬೇಜ್ ಕಲೆಕ್ಟರ್' ಮೇಲೆದ್ದಿದ್ದರೆ ಮೆಮೊರಿಯ ಕಡೆ ನೋಡಿ, ಅದರ ಲೆಕ್ಕ ಕೊಡುವ ಹೀಪ್ ಪ್ರೊಫೈಲ್ ಹಿಡಿಯಿರಿ.

ನನ್ನ ಕೋಷ್ಟಕದ ನೆತ್ತಿಯ ಮೇಲಿದ್ದದ್ದು ಚೀಟಿಯ ದಿನಾಂಕ ಬರೆಯುವ ಆರು ಸಾಲಿನ ಪುಟ್ಟ ಫಂಕ್ಷನ್. ನಂಬಲಾಗಲಿಲ್ಲ. ಹೆಸರಿನ ಮೇಲೆ ಒತ್ತಿದರೆ ನೇರ ಕೋಡ್‌ಗೆ ಹೋಗುತ್ತದೆ, ಫಂಕ್ಷನ್ ತಲೆಯ ಮೇಲೆ ಅದು ತಿಂದ ಹೊತ್ತೂ ಕಾಣುತ್ತದೆ. ಹೋಗಿ ನೋಡಿದರೆ ಪ್ರತಿ ಚೀಟಿಗೂ ದಿನಾಂಕವನ್ನು ಓದುವ ರೂಪಕ್ಕೆ ತರುವ ಒಂದು ಹೊಸ ಇಂಟ್ಲ್ ಡೇಟ್‌ಟೈಮ್‌ಫಾರ್ಮ್ಯಾಟ್ ಕಟ್ಟಿ, ಒಮ್ಮೆ ಬಳಸಿ, ಎಸೆಯುತ್ತಿದ್ದೆ. ಅದನ್ನು ಕಟ್ಟುವುದೇ ದುಬಾರಿ, ಬಳಸುವುದು ಅಗ್ಗ. ಕಟ್ಟುವ ಒಂದು ಸಾಲನ್ನು ಫಂಕ್ಷನ್‌ನಿಂದ ಹೊರಗೆ ಎತ್ತಿಟ್ಟೆ. ವರದಿ ಒಂದು ಸೆಕೆಂಡ್‌ನೊಳಗೆ ಬಂತು.

ಕೋಷ್ಟಕ ಸಾಲದಿದ್ದರೆ ಅದೇ ಲೆಕ್ಕವನ್ನು ಪಟ್ಟಿಗಳಾಗಿ ಬಿಡಿಸುವ ಜ್ವಾಲೆಯ ಚಿತ್ರ (ಫ್ಲೇಮ್ ಚಾರ್ಟ್) ತೋರಿಸುವ ಎಕ್ಸ್‌ಟೆನ್ಷನ್ ಇದೆ, ಹಾಕಿಕೊಳ್ಳಿ. ನನಗೆ ಕೋಷ್ಟಕವೇ ಸಾಕು.

ಎಡಿಟರ್ ಇಲ್ಲದ ದೂರದ ಸರ್ವರ್‌ನಲ್ಲಾದರೆ ನೋಡ್ 12ರಿಂದ ಈಚೆಗೆ 'ಸಿಪಿಯು ಪ್ರೊಫ್' (--cpu-prof) ಎಂಬ ಆಯ್ಕೆ ಉಂಟು. ಅದರೊಡನೆ ಓಡಿಸಿದರೆ ಪ್ರೋಗ್ರಾಂ ಮುಗಿಯುವಾಗ ಅಂಥದ್ದೇ ಕಡತ ಬರೆದಿಡುತ್ತದೆ. ತಂದು ವಿಎಸ್ ಕೋಡ್‌ನಲ್ಲಿ ತೆರೆದರಾಯಿತು. ಬಲವಂತವಾಗಿ ಕೊಂದರೆ ಮಾತ್ರ ಕಡತ ಸಿಗುವುದಿಲ್ಲ. ಇನ್ನು, ಡಿಬಗರ್‌ನ 9229ನೇ ಪೋರ್ಟನ್ನು ಹೊರಜಗತ್ತಿಗೆ ತೆರೆದಿಡಬೇಡಿ: ಅದನ್ನು ಮುಟ್ಟಿದವರು ನಿಮ್ಮ ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡ್ ಓಡಿಸಬಹುದು.